ಕೋಟೆಗೆ ಬಂದ ಹೆಂಗಸು

ಶುಗರ್ ಲ್ಯಾಂಡ್
ಏಪ್ರಿಲ್ 12, 2025

ಅನು,

ಕಾಗದ ನೋಡಿ ಹೆದರಬೇಡ, ಯಾರೂ ಸತ್ತಿಲ್ಲ. ಡಲ್ಲಾಸಿಗೆ ಫೋನ್ ಮಾಡಿದರೆ ಮುಗಿಯುವ ಮಾತಿಗೆ ಅಕ್ಕ ಸ್ಟ್ಯಾಂಪ್ ಯಾಕೆ ಅಂಟಿಸಿದಳು ಎಂದು ಕೇಳುತ್ತೀಯ. ನಾನು ಫೋನ್ ಹಿಡಿದರೆ ಇವರು ಪಕ್ಕದಲ್ಲಿ ಬಂದು ಕೂರುತ್ತಾರೆ. ಮೆಸೇಜ್ ಮಾಡಿದರೆ ಅದು ಇವರ ಐಪ್ಯಾಡಿನಲ್ಲೂ ಟಣ್ ಎನ್ನುತ್ತದೆ. ಹರ್ಷಿಣಿ, ನನ್ನ ಜಾಣ ಮಗಳು, ಎರಡನ್ನೂ ಒಂದೇ ಅಕೌಂಟಿಗೆ ಗಂಟು ಹಾಕಿ ಆಸ್ಟಿನ್ನಿಗೆ ಹೋಗಿದ್ದಾಳೆ. ಇವರ ಬಗ್ಗೆ ಇವರಿಗೆ ಗೊತ್ತಾಗದ ಹಾಗೆ ಹೇಳಲು ನನಗೆ ಉಳಿದಿರುವುದು ಅಂಚೆಯೊಂದೇ.

ಹೋದ ಶನಿವಾರ ಇವರು ತಮ್ಮ ಹಳೆಯ ಸ್ನೇಹಿತ ಮೋಹನರಾಜ ಅವರ ಮನೆಗೆ ಗೊಜ್ಜು ಕೊಟ್ಟು ಬರುತ್ತೇನೆಂದು ಹೊರಟರು. ಅವರು ಈಗ ಫುಲ್‌ಶೀರ್‌ನಲ್ಲಿದ್ದಾರೆ, ಇಲ್ಲಿಂದ ಅರ್ಧ ಗಂಟೆ. ಮಧ್ಯಾಹ್ನ ಕಳೆದರೂ ಪತ್ತೆಯಿಲ್ಲ. ಕೊನೆಗೆ ಫೋನ್ ಬಂದದ್ದು ಕ್ಲಿಯರ್ ಲೇಕ್ ಕಡೆಯ ಪೆಟ್ರೋಲ್ ಬಂಕಿನಿಂದ. ಫುಲ್‌ಶೀರ್ ಪಶ್ಚಿಮಕ್ಕೆ, ಕ್ಲಿಯರ್ ಲೇಕ್ ಪೂರ್ವಕ್ಕೆ! "ಶಕೂ, ನಮ್ಮ ಮನೆಗೆ ಯಾವ ಎಗ್ಸಿಟ್ಟು?" ಎಂದರು. ಮನೆಗೆ ಬಂದು ತಾವೇ ನಕ್ಕರು, ನಾನೂ ನಕ್ಕೆ. ಗೊಜ್ಜಿನ ಡಬ್ಬಿ ಸೀಟಿನ ಮೇಲೇ ಇತ್ತು.

ಅದಾದರೂ ಹೋಗಲಿ, ದಾರಿ ತಪ್ಪುವುದು ಯಾರಿಗಿಲ್ಲ. ಮೊನ್ನೆ ಅಡುಗೆಮನೆಗೆ ಬಂದವರು ನನ್ನ ಮುಖ ನೋಡಿ, "ನಿಮ್ದು ಊಟ ಆಯ್ತಾ?" ಅಂದರು. ಮದುವೆಯಾಗಿ ನಲವತ್ತು ವರ್ಷಕ್ಕೆ ನನಗೆ ಇಂಥ ಮರ್ಯಾದೆ ಸಿಕ್ಕಿದ್ದು ಇದೇ ಮೊದಲು. ತಮಾಷೆಗೆ ಅಂದಿರಬೇಕು ಎಂದುಕೊಂಡೆ. ಆದರೆ ಅವರು ನಗಲಿಲ್ಲ ಅನು. ನನ್ನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

ಇದರ ನಡುವೆ ಹರ್ಷಿಣಿ ನಮ್ಮ ನಲವತ್ತನೇ ವರ್ಷಕ್ಕೆ ಒಂದು ಉಡುಗೊರೆ ಕೊಟ್ಟಿದ್ದಾಳೆ. ನೆನಪಿದೆಯಾ, ಎಂಬತ್ತಾರರಲ್ಲಿ ಇವರು ತೈಲ ಕಂಪನಿಯ ಕೆಲಸಕ್ಕೆ ಸ್ಕಾಟ್‌ಲೆಂಡಿನ ಅಬರ್ಡೀನ್‌ನಲ್ಲಿದ್ದರು, ನಾನು ವೀಸಾ ಕಾಯುತ್ತಾ ಮೈಸೂರಿನಲ್ಲೇ ಉಳಿದಿದ್ದೆ. ಒಂದು ಭಾನುವಾರ ಬಸ್ಸಿನಲ್ಲಿ ಹೋಗಿ, ಗ್ಲೆನ್‌ಡಾರಕ್ ಎಂಬ ಕೋಟೆಯನ್ನು ಗೇಟಿನ ಹೊರಗಿನಿಂದ ನೋಡಿ ಬಂದು, "ನೀನು ಬಂದ ಮೇಲೆ ಇದರೊಳಗೆ ಹೋಗೋಣ" ಎಂದು ಬರೆದಿದ್ದರು. ನನ್ನ ವೀಸಾ ಬರುವ ಹೊತ್ತಿಗೆ ಕಂಪನಿ ಇವರನ್ನು ಹ್ಯೂಸ್ಟನ್ನಿಗೆ ಎತ್ತಿ ಹಾಕಿತ್ತು. ಈಗ ಆ ಕೋಟೆ ಹೋಟೆಲ್ ಆಗಿದೆಯಂತೆ. ಮೇ ತಿಂಗಳಲ್ಲಿ ಒಂದು ವಾರಕ್ಕೆ ರೂಮ್ ಬುಕ್ ಮಾಡಿದ್ದಾಳೆ. ಸುದ್ದಿ ಕೇಳಿ ಇವರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು.

ಹರ್ಷಿಣಿಗೆ ಏನೂ ಹೇಳಬೇಡ. ಹೇಳಿದರೆ ಪ್ರಯಾಣ ನಿಲ್ಲಿಸಿ ಡಾಕ್ಟರ ಹತ್ತಿರ ಕರೆದೊಯ್ಯುತ್ತಾಳೆ, ಡಾಕ್ಟರು ಅದಕ್ಕೊಂದು ಹೆಸರಿಡುತ್ತಾರೆ. ಹೆಸರಿಟ್ಟ ಮೇಲೆ ಅದು ಮನೆ ಬಿಟ್ಟು ಹೋಗುವುದಿಲ್ಲ. ನನಗೆ ಭಯ ಇರುವುದು ಒಂದೇ, ಇವರು ನನ್ನನ್ನು ಮರೆಯಬಾರದು. ಬೇರೆ ಏನನ್ನಾದರೂ ಮರೆಯಲಿ.

ನಿನ್ನ ಅಕ್ಕ
ಶಕುಂತಲಾ

*

ಡಲ್ಲಾಸ್
ಏಪ್ರಿಲ್ 20, 2025

ಅಕ್ಕ,

ಸೌಟು ಬಿದ್ದದ್ದು ನಿನ್ನ ಕೈಯಿಂದ, ಸದ್ದು ನನಗೆ ಡಲ್ಲಾಸಿನಲ್ಲಿ ಕೇಳಿಸಿತು.

ನೇರ ಮಾತು ಹೇಳುತ್ತೇನೆ, ಬೈದುಕೋ. ಆಸ್ಪತ್ರೆಯ ಫಾರ್ಮಸಿಯಲ್ಲಿ ದಿನವೂ ಮರೆವಿನ ಮಾತ್ರೆಗಳನ್ನು ಕೊಡುವವಳು ನಾನು. ತಗೊಂಡು ಹೋಗಲು ಬರುವವರು ಹೆಚ್ಚಾಗಿ ಹೆಂಡತಿಯರೇ, ಎಲ್ಲರ ಮುಖದಲ್ಲೂ ಒಂದೇ ಬರಹ: "ಸ್ವಲ್ಪ ಮರೆವು, ಅಷ್ಟೇ." ನೀನೂ ಆ ಸಾಲಿನಲ್ಲಿ ನಿಂತಿದ್ದೀಯ. ಡಾಕ್ಟರು ಹೆಸರಿಡದಿದ್ದರೆ ಕಾಯಿಲೆ ಬೇಜಾರು ಮಾಡಿಕೊಂಡು ಹೊರಟುಹೋಗುತ್ತದೆಯೇ? ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗಾಯಿತು. ಮೊದಲು ಡಾಕ್ಟರು, ಆಮೇಲೆ ಕೋಟೆ. ಹರ್ಷಿಣಿಗೆ ನೀನೇ ಹೇಳು. ನಾನು ಹೇಳುವುದಿಲ್ಲ ಎಂದು ಮಾತು ಕೊಡುತ್ತೇನೆ, ಆದರೆ ಮನಸ್ಸಿಲ್ಲದೆ ಕೊಡುತ್ತಿದ್ದೇನೆ.

ನೀನು ಕೇಳುವುದಿಲ್ಲ ಎಂದೂ ಗೊತ್ತು. ಅದಕ್ಕೇ ಈ ಪಾರ್ಸಲ್ಲಿನಲ್ಲಿ ಒಂದು ಉಣ್ಣೆ ಶಾಲು ಇಟ್ಟಿದ್ದೇನೆ. ಅಲ್ಲಿ ಮೇ ತಿಂಗಳೂ ಚಳಿಯಂತೆ. ಬೂದು ಬಣ್ಣ ಯಾಕೆ ತಂದೆ, ಮುತ್ತೈದೆಗೆ ಬೇರೆ ಬಣ್ಣ ಸಿಗಲಿಲ್ಲವೇ ಎಂದು ಶುರುಮಾಡಬೇಡ. ಸೇಲಿನಲ್ಲಿ ಉಳಿದಿದ್ದದ್ದು ಅದೊಂದೇ.

ಅಮ್ಮನ ಕುಂಕುಮದ ಭರಣಿಯನ್ನು ನೀನು ಹೇಗೂ ಒಯ್ಯುತ್ತೀಯ, ಗ್ರ್ಯಾಂಡ್ ಕ್ಯಾನಿಯನ್‌ಗೂ ಒಯ್ದವಳಲ್ಲವೇ! ಮನೆಗೆ ಬಂದ ಹೆಂಗಸರನ್ನು ಕುಂಕುಮ ಕೊಡದೆ ಕಳಿಸಿದವಳಲ್ಲ ನೀನು. ಭಾವನಿಗೂ ಅದೇ ಪಾಠ ಕಲಿಸಿದ್ದೀಯ. ನೀನು ಅಂಗಡಿಗೆ ಹೋಗಿದ್ದಾಗ ನಾನು ಬಂದರೆ, ಹೊರಡುವಾಗ ಪಾಪ ತಟ್ಟೆ ತಂದು ಟೀಪಾಯಿಯ ಮೇಲಿಟ್ಟು, "ನಾನು ಗಂಡಸು, ಹಚ್ಚೋ ಹಾಗಿಲ್ಲ. ನೀವೇ ತಗೊಳ್ಳಿ" ಎನ್ನುತ್ತಾ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ನಾದಿನಿಗೂ ಅಷ್ಟೇ ಮರ್ಯಾದೆ! ಆ ಮನುಷ್ಯ ನಿನ್ನನ್ನು ಮರೆಯುತ್ತಾರೆಯೇ? ಹುಚ್ಚಿ.

ಆದರೂ ಡಾಕ್ಟರನ್ನು ನೋಡು.

ಅನು

*

ಗ್ಲೆನ್‌ಡಾರಕ್ ಕೋಟೆ
ಮೇ 14, 2025

ಅನು,

ಈ ಕಾಗದ ನಿನ್ನ ಈಮೇಲಿಗೆ ಬರುತ್ತದೆ. ಇಲ್ಲಿಯ ರಿಸೆಪ್ಶನ್ನಿನ ಹುಡುಗಿ ಐಲಾ ಸ್ಕ್ಯಾನ್ ಮಾಡಿ ಕಳಿಸುತ್ತಾಳೆ. ಉತ್ತರವನ್ನೂ ಅವಳಿಗೇ ಕಳಿಸು, ಪ್ರಿಂಟ್ ಮಾಡಿ ಕೊಡುತ್ತಾಳೆ. ಅವಳಿಗೆ ಕನ್ನಡ ಬಾರದು, ನಮ್ಮ ಗುಟ್ಟು ಭದ್ರ. "ನಿಮ್ಮ ಅಕ್ಷರಗಳು ಜಿಲೇಬಿಯ ಹಾಗಿವೆ" ಎಂದಳು. ಜಿಲೇಬಿ ಎಲ್ಲಿ ನೋಡಿದ್ದಾಳೋ!

ಕೋಟೆಯೆಂದರೆ ನಾನು ಚಿತ್ರದುರ್ಗವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಇದು ನಾಲ್ಕು ಮೂಲೆಗೆ ಗೋಪುರವಿರುವ ದೊಡ್ಡ ಕಲ್ಲಿನ ಮನೆ. ನಮ್ಮ ರೂಮು ಒಂದು ಗೋಪುರದ ಮೇಲೆ. ಹೋಗಬೇಕಾದರೆ ಸುತ್ತಿಕೊಂಡು ಹತ್ತುವ ಕಲ್ಲಿನ ಮೆಟ್ಟಿಲು, ಮೆಟ್ಟಿಲ ನಡುವೆ ಒಂದು ಉದ್ದನೆಯ ಕಿಟಕಿ. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ಕಟ್ಟೆಯ ಮೇಲೆ ನಾನು ಕಾಲು ಮಡಚಿ ಕೂರಬಹುದು. ಗೋಡೆಗಳ ತುಂಬ ಜಿಂಕೆ ತಲೆ. ಊಟದ ಮನೆಯಲ್ಲಿ ಒಂದು ಜಿಂಕೆ ನಾನು ಆಲೂಗಡ್ಡೆ ತಿನ್ನುವುದನ್ನೇ ನೋಡುತ್ತಿರುತ್ತದೆ.

ಇವರು ಬಂದ ದಿನದಿಂದ ಚಿಗುರಿಬಿಟ್ಟಿದ್ದಾರೆ. ಅಬರ್ಡೀನಿನ ಬೀದಿಗಳ ಹೆಸರು, ಬಸ್ಸಿನ ನಂಬರು, ಇಳಿದುಕೊಂಡಿದ್ದ ಮನೆಯೊಡತಿಯ ನಾಯಿಯ ಹೆಸರು ಎಲ್ಲಾ ಪಟಪಟ ಹೇಳಿದರು. ನಿನಗೆ ಬೇಕಾದರೆ ಬರೆದುಕೊಡುತ್ತೇನೆ, ಇವರಿಗೆ ಏನೂ ಆಗಿಲ್ಲ ಎಂದುಕೊಂಡೆ.

ನಿನ್ನೆ ಟೀ ಕುಡಿಯುವಾಗ ಐಲಾ ಕೋಟೆಯ ಕಥೆ ಹೇಳಿದಳು. ಹಿಂದಿನ ಕಾಲದ ಒಡತಿಯೊಬ್ಬಳು ಹಡಗಿಗೆ ಹೋದ ಗಂಡನಿಗಾಗಿ ನಮ್ಮ ಮೆಟ್ಟಿಲ ಕಿಟಕಿಯಲ್ಲೇ ನಿಂತು ಕಾದು ಕಾದು ಸತ್ತಳಂತೆ. ಈಗಲೂ ಕೆಲವರಿಗೆ ಕಾಣಿಸುತ್ತಾಳಂತೆ. ಇಂಥ ಕಥೆ ಹೇಳಿ ರೂಮಿನ ಬಾಡಿಗೆ ಏರಿಸುತ್ತಾರೆ ಎಂದು ನಾನು ಕನ್ನಡದಲ್ಲಿ ಅಂದೆ. ಇವರು ನಗಲಿಲ್ಲ. "ಹೌದು, ಆಕೆ ನಮ್ಮ ರೂಮಿಗೂ ಬರ್ತಾರೆ" ಅಂದುಬಿಟ್ಟರು.

ಟೀ ಕಪ್ಪು ಕೆಳಗಿಟ್ಟೆ. "ಯಾರು?" ಅಂದೆ. "ಯಾರೋ ವಯಸ್ಸಾದ ಹೆಂಗಸು. ಸಂಜೆ ಬಂದು ಕಿಟಕಿ ಹತ್ರದ ಕುರ್ಚೀಲಿ ಕೂತ್ಕೋತಾರೆ. ಒಳ್ಳೆಯವರ ಥರಾನೇ ಕಾಣ್ತಾರೆ. ಹೊರಡೋದು ಮಾತ್ರ ಗೊತ್ತಿಲ್ಲ."

ಅನು, ಸಂಜೆಯೆಲ್ಲ ಆ ರೂಮಿನಲ್ಲಿ ನಾನೇ ಇದ್ದೆ. ಯಾವ ಹೆಂಗಸೂ ಬರಲಿಲ್ಲ. ಈ ಕಾಗದವನ್ನು ಕೆಳಗೆ ಜಿಂಕೆಯ ಮುಂದೆ ಕೂತು ಬರೆಯುತ್ತಿದ್ದೇನೆ. ಮೇಲೆ ಹೋಗಲು ಧೈರ್ಯವಿಲ್ಲ, ಇವರೊಬ್ಬರನ್ನೇ ಬಿಡಲೂ ಧೈರ್ಯವಿಲ್ಲ. ಚಿಕ್ಕಂದಿನಲ್ಲಿ ನಾವು ಹುಣಸೆಮರದ ಕೆಳಗೆ ಓಡುತ್ತಿದ್ದೆವಲ್ಲ, ಹಾಗೆ ಆ ಕಿಟಕಿಯನ್ನು ದಾಟಿ ಓಡುತ್ತೇನೆ, ಈ ಮಂಡಿನೋವು ಇಟ್ಟುಕೊಂಡು. ಏನು ಮಾಡಲಿ ಹೇಳು.

ಶಕುಂತಲಾ

*

ಡಲ್ಲಾಸ್
ಮೇ 15, 2025

ಅಕ್ಕ,

ಬ್ರೇಕಿನಲ್ಲಿ ಬರೆಯುತ್ತಿದ್ದೇನೆ, ಉದ್ದ ಬರೆಯಲು ಪುರುಸೊತ್ತಿಲ್ಲ. ಅದು ಕೋಟೆಯ ದೆವ್ವವಲ್ಲ. ಈ ಕಾಯಿಲೆಯಲ್ಲಿ ಕೆಲವರಿಗೆ ಹೀಗೆಲ್ಲ ಆಗುತ್ತದೆ, ಹೊಸ ಜಾಗಕ್ಕೆ ಹೋದರೆ ಇನ್ನೂ ಹೆಚ್ಚು. ವಾದ ಮಾಡಬೇಡ, ಇಲ್ಲ ಎಂದು ಹಟ ಹಿಡಿಯಬೇಡ. ಮೆಟ್ಟಿಲ ಕಡೆ ಒಬ್ಬರನ್ನೇ ಬಿಡಬೇಡ. ಬಂದ ತಕ್ಷಣ ಡಾಕ್ಟರನ್ನು ನೋಡಬೇಕು, ನಾನೇ ಅಪಾಯಿಂಟ್‌ಮೆಂಟ್ ಹಿಡಿಯುತ್ತೇನೆ. ಈ ಸಲ ನಿನ್ನನ್ನು ಕೇಳುವುದಿಲ್ಲ.

ಇದು ಫಾರ್ಮಸಿಸ್ಟ್ ಅನು ಹೇಳುವ ಮಾತು. ಅಮ್ಮನ ಮಗಳು ಅನು ಇನ್ನೊಂದು ಹೇಳುತ್ತಾಳೆ. ಬಾವಿ ಹತ್ತಿರ ಯಾರೋ ನಿಂತಂತೆ ಕಾಣುತ್ತದೆಂದು ಪಕ್ಕದ ಮನೆಯ ಚಂದ್ರಮ್ಮ ಹೆದರಿದಾಗ ಅಮ್ಮ ಏನು ಮಾಡಿದಳು? ತಟ್ಟೆಯಲ್ಲಿ ಅರಿಶಿನ ಕುಂಕುಮ ಇಟ್ಟು, "ಬಂದವಳು ತಗೊಂಡು ಹೋಗಮ್ಮ, ನಿನ್ನ ಮನೇಲಿ ಕಾಯ್ತಿರ್ತಾರೆ" ಅಂದಳು. ಆಮೇಲೆ ಚಂದ್ರಮ್ಮನಿಗೆ ಏನೂ ಕಾಣಲಿಲ್ಲ. ನೀನೂ ಭರಣಿ ತೆಗೆದು ಹಾಗೇ ಮಾಡು. ಭಾವನ ಎದುರಿಗೇ ಮಾಡು. ಅವರ ಮನಸ್ಸಿಗೂ ಆಕೆಯನ್ನು ಕಳಿಸಿದ ಹಾಗಾಗುತ್ತದೆ, ನಿನಗೂ ಧೈರ್ಯ ಬರುತ್ತದೆ.

ಒಂದು ಕೇಳಲೇ? ಆ ಹೆಂಗಸು ಹೇಗಿದ್ದಾರೆ, ಏನು ಉಟ್ಟಿದ್ದಾರೆ ಎಂದು ಭಾವನನ್ನು ಕೇಳಿದೆಯಾ? ಕೇಳಿಲ್ಲದಿದ್ದರೆ ಬಿಡು, ಕೇಳಬೇಡ.

ಅನು

*

ಗ್ಲೆನ್‌ಡಾರಕ್ ಕೋಟೆ
ಮೇ 17, 2025

ಅನು,

ಕೇಳಬೇಡ ಎಂದೆಯಲ್ಲ, ಕೇಳಿದೆ. ನಿನಗೆ ಮೊದಲೇ ಹೊಳೆದಿತ್ತು. ದಡ್ಡಿ ನಾನು.

ನಿನ್ನೆ ಸಂಜೆ. ಇಲ್ಲಿ ಸಂಜೆ ಮುಗಿಯುವುದೇ ಇಲ್ಲ, ಊಟವಾದ ಮೇಲೂ ಹಗಲಿನ ಹಾಗೆ ಬೆಳಕು. ನೀನು ಹೇಳಿದಂತೆ ಹೋಟೆಲಿನ ತಟ್ಟೆಯೊಂದನ್ನು ತೊಳೆದು, ಭರಣಿ ಇಟ್ಟು, ಐಲಾ ತೋಟದಿಂದ ಕೊಟ್ಟ ಒಂದು ಹಳದಿ ಹೂವು ಇಟ್ಟೆ. ಚಳಿಯೆಂದು ನಿನ್ನ ಶಾಲು ಹೊದ್ದು ಕಿಟಕಿಯ ಕುರ್ಚಿಯಲ್ಲಿ ಕೂತೆ. ಇವರು ಬಾತ್‌ರೂಮಿನಿಂದ ಹೊರಗೆ ಬಂದು ನನ್ನನ್ನು ನೋಡಿ ನಿಂತುಬಿಟ್ಟರು. "ಆ ಹೆಂಗಸು ಬಂದ್ರಾ ಇವತ್ತು? ಹೇಗಿದ್ದಾರೆ ಆಕೆ?" ಎಂದು ಕೇಳಿದೆ.

ಇವರು ಸಂಕೋಚದಿಂದ ನಕ್ಕರು. "ನಿಮ್ಮನ್ನ ನೀವೇ ಹೇಗಿದ್ದೀರಿ ಅಂದ್ರೆ ನಾನೇನು ಹೇಳ್ಲಿ ತಾಯಿ? ಬೂದಿ ಬಣ್ಣದ ಶಾಲು ಹೊದ್ದಿದ್ದೀರಿ. ಯಾರನ್ನೋ ಕಳಕೊಂಡವರ ಹಾಗೆ ಕಾಣ್ತೀರಿ."

ಅನು, ದೆವ್ವಕ್ಕೆ ಹೆದರಿ ಮೂರು ದಿನದಿಂದ ನಾನು ಮೆಟ್ಟಿಲು ಓಡಿ ಹತ್ತುತ್ತಿದ್ದೆ. ದೆವ್ವವೇ ಆಗಿದ್ದರೆ ಚೆನ್ನಾಗಿತ್ತು. ಇವರು ಬಂದು ಆ ತಟ್ಟೆಯನ್ನು ಎತ್ತಿ ನನ್ನ ಮುಂದಿನ ಮೇಜಿನ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದರು. "ನಾನು ಗಂಡಸು, ಹಚ್ಚೋ ಹಾಗಿಲ್ಲ. ನೀವೇ ತಗೊಳ್ಳಿ. ನಮ್ಮನೆಯವಳು ಮೈಸೂರಿಂದ ಇವತ್ತೇ ಬರ್ತಿದ್ದಾಳೆ. ಅವಳಿದ್ದಿದ್ರೆ ಅವಳೇ ಕೊಡ್ತಿದ್ಲು. ಹೊಸದಾಗಿ ಮದುವೆ ಆಗಿದೆ, ಅವಳು ಬಂದಾಗ ರೂಮಲ್ಲಿ ಬೇರೆಯವರಿದ್ರೆ ಚೆನ್ನಾಗಿರಲ್ಲ, ಅಲ್ವಾ?"

ನಾನು ಅಳಬೇಕಾಗಿತ್ತು, ಕೂಗಬೇಕಾಗಿತ್ತು. ಏನೂ ಮಾಡಲಿಲ್ಲ. ಅಮ್ಮ ಕಲಿಸಿದ ಅಭ್ಯಾಸ ನೋಡು, ಕುಂಕುಮ ಕೊಟ್ಟ ಮೇಲೆ ಕೂತಿರಬಾರದು, ಎದ್ದು ಹೊರಡಬೇಕು. ಹಣೆಗೆ ಹಚ್ಚಿಕೊಂಡೆ, ಹೂವು ತಗೊಂಡೆ, "ಬರ್ತೀನಿ" ಅಂದೆ. ಬಾಗಿಲವರೆಗೂ ಬಂದು ಕಳಿಸಿಕೊಟ್ಟರು. ಹೊರಗೆ ಬಂದೆ. ಹಿಂದೆ ಬೀಗ ಹಾಕಿದ ಸದ್ದಾಯಿತು.

ಆ ಮೆಟ್ಟಿಲ ಮೇಲೆ ಎಷ್ಟು ಹೊತ್ತು ನಿಂತಿದ್ದೆನೋ. ಐಲಾ ಹೇಳಿದ ಕಿಟಕಿ ಎದುರಿಗೇ ಇತ್ತು. ಗಾಜಿನಲ್ಲಿ ಬೂದು ಶಾಲು ಹೊದ್ದ ಮುದುಕಿಯೊಬ್ಬಳು ಗಂಡನಿಗೆ ಕಾಯುತ್ತಾ ನಿಂತಿದ್ದಳು. ಅವಳ ಮುಖ ನೋಡಿ ನನಗೆ ಭಯವಾಯಿತು. ಶಾಲನ್ನು ತೆಗೆದು ಅಲ್ಲೇ ಕಿಟಕಿಯ ಕಟ್ಟೆಯ ಮೇಲೆ ಹಾಕಿ, ಹೋಗಿ ಬಾಗಿಲು ತಟ್ಟಿದೆ.

"ಯಾರು?"

"ನಾನು ಶಕೂ."

ಬಾಗಿಲು ತೆರೆಯಿತು. ನನ್ನ ಗಂಡನ ಮುಖ ಬೆಳಗುತ್ತಿತ್ತು. "ಬಂದ್ಯಾ! ಈಗ್ತಾನೆ ಯಾರೋ ಬಂದಿದ್ರು ಕಣೆ. ಕುಂಕುಮ ಕೊಟ್ಟು ಕಳಿಸಿದೆ, ನೀನು ಬೈಬಾರದಲ್ಲ ಅಂತ" ಎಂದು ನನ್ನ ಕೈ ಹಿಡಿದರು. ಆ ಕೈ ಬಿಡಿಸಿಕೊಂಡು ಅಳಲೂ ಮನಸ್ಸಾಗಲಿಲ್ಲ.

ನಾಡಿದ್ದು ಹೊರಡುತ್ತೇವೆ. ಡಾಕ್ಟರ ದಿನ ಗೊತ್ತು ಮಾಡು. ಹರ್ಷಿಣಿಗೆ ಮಾತ್ರ ಇನ್ನೂ ಬೇಡ. ವಿಡಿಯೋ ಕಾಲ್ ಮಾಡಿ, "ಅಪ್ಪ ಹ್ಯಾಪಿನಾ?" ಅಂದಳು. ಹೌದು ಅಂದೆ. ಅದು ಸುಳ್ಳೂ ಅಲ್ಲ.

ಶಕುಂತಲಾ

*

ಡಲ್ಲಾಸ್
ಜುಲೈ 6, 2025

ಅಕ್ಕ,

ನಿನ್ನ ಮನೆಯಿಂದ ಹೊರಟು ನಾಲ್ಕು ಗಂಟೆ ಡ್ರೈವ್ ಮಾಡಿದೆ, ದಾರಿಯುದ್ದಕ್ಕೂ ರೇಡಿಯೋ ಹಾಕಲಿಲ್ಲ. ಮನೆ ಸೇರಿ ಕಾರಿನಲ್ಲೇ ಕೂತು ಅತ್ತೆ. ಯಜಮಾನರು ಬಂದು ಕಿಟಕಿ ತಟ್ಟಿದಾಗ, ನೀವಾದರೂ ನನ್ನ ಹೆಸರು ಹೇಳಿ ಎಂದೆ. ಪಾಪ, ಏನಾಯಿತೋ ಎಂದು ಗಾಬರಿಯಾದರು.

ಡಾಕ್ಟರು ಹೇಳಿದ್ದನ್ನು ನೀನೂ ಕೇಳಿದೆ. ಮಾತ್ರೆಯಿಂದ ನಿಧಾನವಾಗಬಹುದು, ನಿಲ್ಲುವುದಿಲ್ಲ. ಕಾರಿನ ಕೀಲಿ ಬಚ್ಚಿಟ್ಟದ್ದು ಒಳ್ಳೆಯದಾಯಿತು. ಒಲೆಗೂ ಒಂದು ಲಾಕ್ ಹಾಕಿಸು.

ನೀನು ಮುಂಬಾಗಿಲಿನಿಂದ ಹೋಗಿ ಗ್ಯಾರೇಜಿನಿಂದ ಒಳಗೆ ಬರುವುದನ್ನು ನಾನು ಮಹಡಿಯ ಕಿಟಕಿಯಿಂದ ನೋಡಿದೆ. ನಿನಗೆ ನಾನು ನೋಡಿದ್ದು ಗೊತ್ತಿಲ್ಲ. ಹ್ಯೂಸ್ಟನ್ನಿನ ಆ ಬಿಸಿಲಿನಲ್ಲಿ, ಹಣೆಯ ಕುಂಕುಮ ಬೆವರಿಗೆ ಇಳಿಯುತ್ತಾ, ನಿನ್ನ ಮನೆಗೆ ನೀನೇ ಸುತ್ತು ಹೊಡೆಯುತ್ತಿದ್ದೆ. ನನಗೆ ತಡೆಯಲಾಗಲಿಲ್ಲ.

ಹರ್ಷಿಣಿ ಫೋನ್ ಮಾಡಿದ್ದಳು. "ಚಿಕ್ಕಮ್ಮ, ಅಮ್ಮ ಯಾಕೆ ಫೋನ್ ಅಪ್ಪನಿಗೆ ಕೊಡ್ತಿಲ್ಲ?" ಅಂದಳು. ನಾನು ಸುಳ್ಳು ಹೇಳಿದೆ. ಇನ್ನೊಮ್ಮೆ ಹೇಳಿಸಬೇಡ ಅಕ್ಕ. ಕೈಮುಗಿಯುತ್ತೇನೆ.

ಅನು

*

ಶುಗರ್ ಲ್ಯಾಂಡ್
ಅಕ್ಟೋಬರ್ 5, 2025

ಅನು,

ಜುಲೈ ತಿಂಗಳದ್ದಕ್ಕೂ ಆಮೇಲೆ ಬಂದದ್ದಕ್ಕೂ, ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಸಿಟ್ಟಾಗಬೇಡ. ಈ ಕಾಗದವನ್ನು ಓದಿದ ಮೇಲೆ ಒಂದು ಕೆಲಸ ಮಾಡು. ಹರ್ಷಿಣಿಗೆ ಕನ್ನಡ ಓದಲು ಬಾರದು, ಕೇಳಿದರೆ ಎಲ್ಲಾ ತಿಳಿಯುತ್ತದೆ. ಫೋನ್ ಮಾಡಿ ಇದನ್ನು ಅವಳಿಗೆ ಓದಿ ಹೇಳು. ನಾನೇ ಹೇಳೋಣವೆಂದು ಎಷ್ಟೋ ಸಲ ಫೋನ್ ಎತ್ತಿದೆ, ಅವಳ ದನಿ ಕೇಳಿದರೆ ಬೇರೆ ಏನೋ ಮಾತಾಡಿ ಇಟ್ಟುಬಿಡುತ್ತೇನೆ. ಮೊದಲಿನಿಂದ ಓದು, ಫುಲ್‌ಶೀರಿನ ಗೊಜ್ಜಿನಿಂದ. ಹಳೆಯ ಕಾಗದಗಳನ್ನು ನೀನು ಎಸೆದಿರುವುದಿಲ್ಲ ಎಂದು ಗೊತ್ತು.

ನೀನು ಕಿಟಕಿಯಿಂದ ನೋಡಿದ್ದು ದಿನದ ಕೆಲಸವೇ ಆಗಿತ್ತು. ಸಂಜೆಯಾದರೆ ಇವರಿಗೆ ನಾನು ಯಾರೋ ಬಂದವಳು. ತಟ್ಟೆ ತರುತ್ತಾರೆ, ಹಿಂದೆ ಸರಿಯುತ್ತಾರೆ, ನಾನು ಕುಂಕುಮ ತಗೊಂಡು ಮುಂಬಾಗಿಲಿನಿಂದ ಹೊರಡುತ್ತೇನೆ. ಸುತ್ತಿ ಬಂದು, ಗ್ಯಾರೇಜಿನ ಬಾಗಿಲು ಗರಗರ ಎಂದು ಮೇಲೇಳುವಾಗ "ನಾನು ಬಂದೆ" ಎಂದು ಕೂಗುತ್ತೇನೆ. ಆ ಸದ್ದಿಗೇ ಇವರು ಎದ್ದು ಬರುತ್ತಿದ್ದರು. "ಬಂದ್ಯಾ ಶಕೂ?" ಎದುರು ಮನೆಯವಳು ಒಮ್ಮೆ, ದಿನವೂ ನಿಮ್ಮ ಮುಂಬಾಗಿಲಿನ ಕೀಲಿ ಮರೆತುಹೋಗುತ್ತದೆಯೇ ಎಂದು ಕೇಳಿದಳು. ಹೌದು, ವಯಸ್ಸಾಯಿತು ನೋಡು ಎಂದೆ.

ಭಯ ಇಲ್ಲದೆ ಇರಲಿಲ್ಲ. ಪ್ರತಿಸಲ ಗ್ಯಾರೇಜಿನ ಬಟನ್ ಒತ್ತುವಾಗ ಇವತ್ತು ಕೂಗು ಕೇಳಿಸುತ್ತದೋ ಇಲ್ಲವೋ ಎಂದು ಕಿವಿಗೊಟ್ಟು ನಿಲ್ಲುತ್ತಿದ್ದೆ. ಕೇಳಿಸಿದರೆ ಆ ದಿನ ಗೆದ್ದೆ. ಇಷ್ಟು ಗೆಲ್ಲುತ್ತಿರುವಾಗ ಮಗಳಿಗೆ ಯಾಕೆ ಹೇಳಬೇಕು ಎಂದುಕೊಂಡಿದ್ದೆ.

ನಿನ್ನೆ ಗ್ಯಾರೇಜಿನಿಂದ ಒಳಗೆ ಬಂದು, "ನಾನು ಬಂದೆ" ಎಂದೆ. ಕೂಗು ಬರಲಿಲ್ಲ. ಇನ್ನೊಮ್ಮೆ ಕೂಗಿದೆ. ಹಾಲಿಗೆ ಬಂದರೆ ಇವರು ಸೋಫಾದಿಂದ ಎದ್ದು ನಿಂತರು, ಬಂದ ಅತಿಥಿಗೆ ಎದ್ದು ನಿಲ್ಲುವ ಹಾಗೆ. ತಟ್ಟೆ ಇನ್ನೂ ಟೀಪಾಯಿಯ ಮೇಲಿತ್ತು. ಅದನ್ನೇ ಮತ್ತೆ ನನ್ನ ಕಡೆ ಸರಿಸಿದರು.

"ಈಗ ತಾನೇ ತಗೊಂಡ್ರಲ್ಲ. ಪರವಾಗಿಲ್ಲ, ಇನ್ನೊಂದ್ಸಲ ತಗೊಳ್ಳಿ. ನಮ್ಮನೆಯವಳು ಇನ್ನೂ ಬಂದಿಲ್ಲ."

"ನಾನು ಶಕೂ" ಅಂದೆ. ಕೋಟೆಯಲ್ಲಿ ಅಷ್ಟು ಸಾಕಾಗಿತ್ತು.

"ಹೌದಾ? ಅವಳ ಹೆಸರೂ ಅದೇ" ಅಂದರು, ಸಂತೋಷದಿಂದ.

ಮತ್ತೆ ಹೊರಗೆ ಹೋಗಿ ಬರಲಿಲ್ಲ. "ಅವರು ಬರೋವರೆಗೂ ಇಲ್ಲೇ ಕೂತಿರ್ಲಾ?" ಎಂದು ಕೇಳಿದೆ. "ಕೂತ್ಕೊಳ್ಳಿ ತಾಯಿ, ಅದಕ್ಕೇನು. ಬಂದ್ಮೇಲೆ ಅವಳೇ ಕಾಫಿ ಮಾಡ್ತಾಳೆ" ಅಂದರು. ಗಡಿಯಾರ ನೋಡಿದರು, ಬಾಗಿಲು ನೋಡಿದರು, ಅವಳು ಯಾವತ್ತೂ ಇಷ್ಟು ತಡ ಮಾಡಲ್ಲ ಎಂದು ನನಗೆ ಸಮಾಧಾನ ಹೇಳಿದರು. ಸೋಫಾದ ಆ ಕಡೆ ಅವರು, ಈ ಕಡೆ ನಾನು, ಇಬ್ಬರೂ ಕೂತು ನನಗಾಗಿ ಕಾದೆವು.

ಇದನ್ನು ನಾನೊಬ್ಬಳೇ ಕಾಯಲಾರೆ ಅನು.

ಹರ್ಷಿಣಿ, ಚಿಕ್ಕಮ್ಮ ಓದುವುದನ್ನು ಕೇಳಿಸಿಕೋ. ಬೇಗ ಬಾ. ಬರುವಾಗ ಮುಂಬಾಗಿಲಿನ ಬೆಲ್ ಮಾತ್ರ ಒತ್ತಬೇಡ, ಬೆಲ್ ಒತ್ತುವವರು ಬಂದು ಹೋಗುವವರು. ಗ್ಯಾರೇಜಿನಿಂದ ಬಾ. ಒಳಗೆ ಬರುವ ಮೊದಲೇ, ಮುಖ ಕಾಣುವ ಮೊದಲೇ, ಚಿಕ್ಕವಳಿದ್ದಾಗ ಸ್ಕೂಲಿನಿಂದ ಬಂದು ಕೂಗುತ್ತಿದ್ದೆಯಲ್ಲ, ಹಾಗೆ ಜೋರಾಗಿ "ಅಪ್ಪಾ" ಎಂದು ಕೂಗು.

ಅಮ್ಮ